ಒಬ್ಬಳಿಗಾಗಿ ನೆಲದೊಲೆ ಹೂಡುವುದಿಲ್ಲ

ಪಪೀಟೆ, ತಾಹಿತಿ
೬ ಮಾರ್ಚ್ ೧೯೭೮

ತೆಪಾಯಿರು,

ಕವರಿನ ಮೇಲಿನ ಅಕ್ಷರ ನೋಡಿಯೇ ಯಾರದೆಂದು ಗೊತ್ತಾಗಿರಬೇಕು. ಸಿಟ್ಟಿನಲ್ಲಿ ಒಲೆಗೆ ಹಾಕುವ ಮೊದಲು ಒಂದು ಸಲ ಓದು. ಓದಿದ ಮೇಲೆ ಹಾಕಿದರೂ ನನ್ನ ತಕರಾರಿಲ್ಲ.

ನಾನು ಆಸ್ಪತ್ರೆಯಲ್ಲಿದ್ದೇನೆ. ಗಾಬರಿ ಬೀಳುವಂಥದ್ದೇನಲ್ಲ. ಬಂದರಿನಲ್ಲಿ ಹಡಗಿನಿಂದ ಸಿಮೆಂಟು ಇಳಿಸುತ್ತಿದ್ದಾಗ ಹಗ್ಗ ಹರಿದು ಮೂಟೆಗಳು ಕಾಲಿನ ಮೇಲೆ ಬಿದ್ದವು. ಕಾಲಿಗೆ ಸ್ವಲ್ಪ ಪೆಟ್ಟಾಗಿದೆ. ಮಲಗಿಸಿದ್ದಾರೆ, ಮಲಗಿದ್ದೇನೆ.

ಬರೆಯುತ್ತಿರುವುದು ಕಾಲಿನ ವಿಷಯಕ್ಕಲ್ಲ, ಊಟದ ವಿಷಯಕ್ಕೆ. ಇಲ್ಲಿಯ ಊಟ ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಬೆಳಿಗ್ಗೆ ಬ್ರೆಡ್ಡು, ಬೆಣ್ಣೆ, ಕಾಫಿ. ಅದು ಸರಿ, ಅದು ನಮ್ಮೂರಲ್ಲೂ ಇದೆ. ಮಧ್ಯಾಹ್ನ ಬರುವುದು ಬಿಳಿ ತಟ್ಟೆಯಲ್ಲಿ ಬಿಳಿ ಆಲೂಗಡ್ಡೆಯ ಮುದ್ದೆ, ಅದರ ಪಕ್ಕದಲ್ಲಿ ಹಂದಿಮಾಂಸದ ಒಂದು ಹಾಳೆ. ಹಾಳೆ ಎಂದೆ ನೋಡು. ಹಿಡಿದು ಕಿಟಕಿಗೆ ಅಡ್ಡ ಮಾಡಿದರೆ ಆಚೆಯ ಮಾವಿನಮರ ಕಾಣುತ್ತದೆ. ಸಂಜೆಗೆ ಏನೋ ಸೊಪ್ಪು ಬೇಯಿಸಿದ ನೀರು. ಒದೀಲ್ ಎಂಬ ನರ್ಸು ಇದ್ದಾಳೆ, ಫ್ರಾನ್ಸಿನವಳು, ನಮ್ಮ ಮಗಳು ಮೆರೆಹೌಗಿಂತ ಚಿಕ್ಕವಳು. ದಿನಾ ತಟ್ಟೆ ಎತ್ತಿಕೊಂಡು ಹೋಗುವಾಗ, "ತಿನ್ನದೇ ಇದ್ರೆ ಗಾಯ ಮಾಯೋದಿಲ್ಲ ಅಪ್ಪಾ" ಅನ್ನುತ್ತಾಳೆ. ಪಾಪದ ಹುಡುಗಿ. ಅವಳ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ.

ಮೊನ್ನೆ ಮಧ್ಯಾಹ್ನ ಮಂಪರಿನಲ್ಲಿ ನಮ್ಮ ಹೌತಿಯ ಕೆಸುವಿನ ಗದ್ದೆಯ ಕೆಸರು ಮೂಗಿಗೆ ಬಡಿದಂತಾಯಿತು. ಎದ್ದು ನೋಡಿದರೆ ಯಾರೋ ನೆಲಕ್ಕೆ ಔಷಧಿ ಹಾಕಿ ಒರೆಸುತ್ತಿದ್ದರು.

ಒಂದು ಪೊಟ್ಟಣ ಪೊಪೊಯಿ ಕಳಿಸುತ್ತೀಯಾ? ಕೆಸುವಿನ ಗೆಡ್ಡೆ ಬೇಯಿಸಿ ನಿನ್ನ ಕೈಯಲ್ಲೇ ಜಜ್ಜಿದ್ದು. ಸಾಧ್ಯವಾದರೆ ಒಂದು ಬಾಟಲಿ ಫಾಫಾರಿನ ನೀರೂ.

ಗದ್ದೆಗೆ ನೀರು ಬರುತ್ತಿದೆಯಾ?

ವಿರಿಯಾಮು


ಹೌತಿ, ರುರುತು ದ್ವೀಪ
೨ ಏಪ್ರಿಲ್ ೧೯೭೮

ವಿರಿಯಾಮು,

ಹಡಗು ತಡವಾಗಿ ಬಂತು. ನಿನ್ನ ಪತ್ರವನ್ನು ಅಂಚೆಯ ಹುಡುಗಿ ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೇ ಕೈಗೆ ಕೊಟ್ಟಳು. "ಅತ್ತೇ, ಮಾಮಂದು!" ಎಂದು ಕೂಗಿಕೊಂಡೇ ಬಂದಳು. ಆ ಭಾನುವಾರ ಪಾದ್ರಿಗಳು ಏನು ಬೋಧನೆ ಮಾಡಿದರೋ ಯಾರ ಕಿವಿಗೂ ಬಿದ್ದಿರಲಾರದು.

ನೀನು ಹೋಗಿ ಹತ್ತು ವರ್ಷವಾಯಿತು. ಮೊದಲು ಪ್ರತಿ ಹಡಗಿಗೂ ಪತ್ರ, ಆಮೇಲೆ ಹಬ್ಬಕ್ಕೊಂದು ಪತ್ರ, ಆಮೇಲೆ ಹೊಸ ವರ್ಷಕ್ಕೆ ಒಂದು ಚಿತ್ರದ ಕಾರ್ಡು. ಕಾರ್ಡಿನಲ್ಲಿ ಅಚ್ಚು ಹಾಕಿದ ಶುಭಾಶಯ ಬಿಟ್ಟರೆ ನಿನ್ನದೆನ್ನಲು ನಿನ್ನ ಹೆಸರೊಂದೇ. ಈಗ ಹಸಿವಾಯಿತು, ಕೈ ಬರೆಯಿತು.

ಇಷ್ಟು ದಿನ ನಿನಗೆ ಬೇಯಿಸಿ ಹಾಕಿದವಳು ಎಲ್ಲಿ ಹೋದಳು? ಇದ್ದಾಳೆ ಎಂದು ಊರಲ್ಲಿ ಅಂದವರು ಬಹಳ ಮಂದಿ. ನಾನು ಯಾರನ್ನೂ ವಿಚಾರಿಸಲಿಲ್ಲ. ಈಗಲೂ ವಿಚಾರಿಸುತ್ತಿಲ್ಲ. ಸುಮ್ಮನೆ ಬರೆದೆ.

ಪೊಪೊಯಿ ಕಳಿಸುತ್ತಿದ್ದೇನೆ. ನನ್ನ ಚಿಕ್ಕಪ್ಪನ ಮಗಳು ತೆರೌರಾ ಟೋಪಿ ಮಾರಲು ಪಪೀಟೆಗೆ ಹೊರಟಿದ್ದಾಳೆ, ಸೋಮವಾರ ಜಜ್ಜಿ ಅವಳ ಕೈಯಲ್ಲಿ ಕೊಟ್ಟೆ. ನಿನಗೆ ತಲುಪುವಷ್ಟರಲ್ಲಿ ಹದವಾಗಿ ಹುಳಿ ಬಂದಿರುತ್ತದೆ. ಎಲೆ ಬಿಚ್ಚಿದ ಮೇಲೆ ಒದ್ದೆ ಬಟ್ಟೆ ಮುಚ್ಚಿಡು. ಆ ನರ್ಸು ಹುಡುಗಿ ಕೆಟ್ಟುಹೋಗಿದೆ ಎಂದು ಎಸೆದುಬಿಟ್ಟಾಳು, ಮೊದಲೇ ಹೇಳಿಡು.

ಫಾಫಾರು ಕಳಿಸುವುದಿಲ್ಲ. ಕೇಳುವುದಕ್ಕಾದರೂ ನಾಚಿಕೆ ಬೇಡವೇ? ಸೀಗಡಿ ಕೊಳೆಸಿದ ಸಮುದ್ರದ ನೀರನ್ನು ಆಸ್ಪತ್ರೆಯಲ್ಲಿ ಬಿಚ್ಚಿದರೆ ಗುಣವಾಗುತ್ತಿದ್ದವರೂ ಕಣ್ಣು ಮುಚ್ಚುತ್ತಾರೆ. ಆ ಪಾಪ ನನಗೆ ಬೇಡ.

ಗದ್ದೆಗೆ ನೀರು ಬರುತ್ತಿದೆ. ಬಾರದೆ ಎಲ್ಲಿಗೆ ಹೋಗುತ್ತದೆ? ಕಾಲುವೆ ತೋಡುವವಳು ಇಲ್ಲೇ ಇದ್ದಾಳಲ್ಲ.

ತೆಪಾಯಿರು


ಪಪೀಟೆ
೨೧ ಏಪ್ರಿಲ್ ೧೯೭೮

ಅಕ್ಕಾ,

ಟೋಪಿಗಳೆಲ್ಲ ಚೆನ್ನಾಗಿ ಹೋಗುತ್ತಿವೆ. ಅದಿರಲಿ. ಇದನ್ನು ಕೂತುಕೊಂಡು ಓದು.

ಭಾವನನ್ನು ನೋಡಿದೆ. ನಿನಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಬೈಬಲ್ ಮುಟ್ಟಿ ಕೊಟ್ಟದ್ದಲ್ಲ, ಅವರ ಮಂಚದ ಕಬ್ಬಿಣ ಮುಟ್ಟಿ ಕೊಟ್ಟದ್ದು. ಹಾಗಾಗಿ ಮುರಿದರೆ ಅಷ್ಟು ದೊಡ್ಡ ಪಾಪವಾಗಲಾರದು. ಅಕ್ಕಾ, ಪೆಟ್ಟಾಗಿದೆ ಎಂದು ಬರೆದಿದ್ದರಲ್ಲ, ಆ ಕಾಲು ಇಲ್ಲ. ಎಡಗಾಲು. ಮೊಣಕಾಲಿನ ಕೆಳಗೆ ತೆಗೆದುಬಿಟ್ಟಿದ್ದಾರೆ. ನಾನು ಹೋದಾಗ ಎದ್ದು ಕೂತರು, ನಕ್ಕರು, ಊರಿನವರ ಸುದ್ದಿಯೆಲ್ಲ ಕೇಳಿದರು. ಮಾತಾಡುತ್ತಾ ಆಡುತ್ತಾ ನನ್ನ ಕಣ್ಣು ಹೊದಿಕೆಯ ಮೇಲೆ ಹೋಯಿತು. ಒಂದು ಕಡೆ ಉಬ್ಬಿತ್ತು, ಒಂದು ಕಡೆ ಚಪ್ಪಟೆ. ನಾನು ನೋಡಿದ್ದನ್ನು ಅವರು ನೋಡಿದರು.

ಗಾಯ ಬೇಗ ಕೂಡುತ್ತಿಲ್ಲವಂತೆ. ತಿನ್ನುವುದೇ ಇಲ್ಲ ಎಂದು ಆ ನರ್ಸು ಒದೀಲ್ ನನ್ನನ್ನು ಹೊರಗೆ ಕರೆದು ಹೇಳಿದಳು. "ಅವರಿಗೆ ಏನಿಷ್ಟ ಅಂತ ಹೇಳಿ, ನಾನೇ ಮಾಡಿಸ್ತೀನಿ" ಅಂದಳು. ನಾನು ಪೊಪೊಯಿ ತೋರಿಸಿದೆ. ಬೆರಳು ಅದ್ದಿ ಬಾಯಿಗಿಟ್ಟುಕೊಂಡು, "ಮೊಸರಿನ ಹಾಗೆ ಹುಳಿ, ಆದರೆ ಗೋಡೆಗೆ ಹಚ್ಚೋ ಗಾರೆ ಥರ ಇದೆ" ಅಂದಳು. ಎಸೆಯಲಿಲ್ಲ. ತಾನೇ ತೆಗೆದುಕೊಂಡು ಹೋಗಿ ತಣ್ಣನೆಯ ಜಾಗದಲ್ಲಿ ಇಟ್ಟಳು.

ಭಾವ ತಿಂದರು ಅಕ್ಕಾ. ಡಬ್ಬಿ ಮೀನಿನ ಜೊತೆ, ಕೈಯಲ್ಲೇ. ನಾಲ್ಕು ತುತ್ತಾದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಹೆಗಲು ಅಲುಗುತ್ತಿತ್ತು. ನಾನು ಟೋಪಿಯ ಚೀಲ ಎತ್ತಿಕೊಂಡು ಬಂದುಬಿಟ್ಟೆ.

ನೀನು ವಿಚಾರಿಸದೇ ಇದ್ದ ವಿಷಯವನ್ನು ನಾನು ಬಂದರಿನಲ್ಲಿ ವಿಚಾರಿಸಿದೆ. ಯಾವ ಹೆಂಗಸೂ ಇಲ್ಲ. ಕೂಲಿಯವರ ಜೊತೆ ಒಂದು ಕೋಣೆ, ಸಂಜೆ ಗಾಡಿಯಂಗಡಿಯಲ್ಲಿ ಊಟ, ಇಲ್ಲದಿದ್ದರೆ ಡಬ್ಬಿ ಮಾಂಸ ಮತ್ತು ಬ್ರೆಡ್ಡು. ಅಷ್ಟೇ.

ಬೈಯಬೇಡ.

ನಿನ್ನ ತೆರೌರಾ


ಹೌತಿ
೧೪ ಮೇ ೧೯೭೮

ವಿರಿಯಾಮು,

ಮೇ ತಿಂಗಳ ಚರ್ಚಿನ ಕೂಟ ಮುಗಿಯಿತು. ಈ ಸಲ ಊಟ ನಮ್ಮೂರಿನದೇ ಪಾಳಿ. ಕೋಳಿಗೆ ಎಳೆಯ ಕೆಸುವಿನೆಲೆ, ತೆಂಗಿನ ಹಾಲು ಹಾಕಿ ಮಾಡಿದೆ. ಬಾಳೆಹಣ್ಣು ಕಲಸಿ ಸಿಹಿ ಪೋಯೆ ಮಾಡಿದೆ; ಮೆರೆಹೌಳ ಮಕ್ಕಳು ಬಿಸಿಯಲ್ಲೇ ಕೈ ಹಾಕಿ ಸುಟ್ಟುಕೊಂಡವು. ಪಾದ್ರಿಯ ಹೆಂಡತಿ ಯಥಾಪ್ರಕಾರ ಬೀಟ್‌ರೂಟು, ಆಲೂಗಡ್ಡೆ, ಮಯೋನೇಸು ಕಲಸಿ ಆ ಗುಲಾಬಿ ಬಣ್ಣದ್ದನ್ನು ತಂದಿದ್ದಳು. ನೀನು ಅದಕ್ಕೆ ಮದುಮಗಳ ಗೌನಿನಂಚು ಬಿದ್ದಂಗಿದೆ ಎಂದು ಹಾಸ್ಯ ಮಾಡುತ್ತಿದ್ದೆಯಲ್ಲ, ಅದೇ. ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅದೇ ಪಾತ್ರೆ. ನನಗೆ ಹೊಟ್ಟೆ ಉರಿಯಿತು.

ಮನೆಯ ಮುಂದಿನ ಕಲ್ಲಿನ ಮೆಟ್ಟಿಲು ಹಾಳಾಗಿತ್ತು. ಕಿತ್ತು ಹಾಕಿಸಿ ಇಳಿಜಾರು ಮಾಡಿಸಿದೆ. ಬಚ್ಚಲಿಗೂ ಹೊಸದಾಗಿ ಹಿಡಿಕೆ ಕೂರಿಸಿದ್ದಾರೆ. ಇನ್ನು ಮಳೆಗಾಲದಲ್ಲಿ ಜಾರುವ ಭಯವಿಲ್ಲ.

ಈ ಹಡಗಿನಲ್ಲಿ ಎರಡು ಪೊಟ್ಟಣ ಪೊಪೊಯಿ ಇದೆ. ಒಂದು ಬಾಟಲಿಯೂ ಇದೆ. ಬಿರಡೆಗೆ ಮೇಣ ಹಾಕಿ, ಅದರ ಮೇಲೆ ರಬ್ಬರು ಕಟ್ಟಿ, ಅದರ ಮೇಲೆ ಬಟ್ಟೆ ಸುತ್ತಿದ್ದೇನೆ. ಆದರೂ ಹಡಗಿನವರು ಅದನ್ನು ಒಳಗೆ ಇಡಲು ಒಪ್ಪಲಿಲ್ಲ, ಹೊರಗೆ ಹಗ್ಗಕ್ಕೆ ಕಟ್ಟಿದರು. ತೆರೌರಾಗೆ ಬರೆದಿದ್ದೇನೆ, ಬೆಳಗಿನ ಮಾರುಕಟ್ಟೆಯಿಂದ ಹೊಸ ಮೀನು ತಂದು ಕೊಡುತ್ತಾಳೆ. ತೆಳ್ಳಗೆ ಹೆಚ್ಚಿಸು. ಬಾಟಲಿಯ ನೀರಿನಲ್ಲಿ ಬಹಳ ಹೊತ್ತು ನೆನೆಸಬೇಡ. ಕಿಟಕಿ ತೆರೆದಿಟ್ಟುಕೋ, ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೋ.

ತಿಂದು ಬರೆ.

ತೆಪಾಯಿರು


ಪಪೀಟೆ
೯ ಜೂನ್ ೧೯೭೮

ತೆಪಾಯಿರು,

ನಿನ್ನ ಬಾಟಲಿ ಮಾಡಿದ ಅವಾಂತರ ಕೇಳು.

ನಮ್ಮ ಕೋಣೆಯಲ್ಲಿ ಮೂವರಿದ್ದೇವೆ. ಒಂದು ಕಡೆ ಚೊಂಗ್ ಅಜ್ಜ, ಚೀನಾದವರು, ಮಾರುಕಟ್ಟೆಯ ಹಿಂದೆ ದೊಡ್ಡ ಅಂಗಡಿ ಅವರದು; ಎದೆಯ ಕಾಯಿಲೆ. ಇನ್ನೊಂದು ಕಡೆ ಬೆರ್ನಾರ್ ಎಂಬ ಫ್ರೆಂಚ್ ಪೊಲೀಸಿನವನು, ಮೋಟಾರುಬೈಕಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದಾನೆ. ತೆರೌರಾ ಮೀನು ಹೆಚ್ಚಿ, ಬಾಟಲಿಯ ಬಟ್ಟೆ ಬಿಚ್ಚಿ, ಮೇಣ ಕೆರೆದು, ಬಿರಡೆ ಎಳೆದಳು ನೋಡು! ಮೊದಲು ಕಿಟಕಿಯ ಮೇಲಿದ್ದ ಮೈನಾ ಹಕ್ಕಿ ಹಾರಿಹೋಯಿತು. ಆಮೇಲೆ ಹೊರಗೆ ಓಣಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒದೀಲ್ ಓಡಿಬಂದಳು, "ಯಾರಿಗೆ ಏನಾಯ್ತು? ಯಾರ ಗಾಯ ಕೀವಾಯ್ತು?" ಎಂದು ನಮ್ಮ ಮೂವರ ಹೊದಿಕೆಯನ್ನೂ ಎತ್ತೆತ್ತಿ ನೋಡಿದಳು. ಚೊಂಗ್ ಅಜ್ಜ ಕೆಮ್ಮುತ್ತಾ ನಗುತ್ತಾ, ನಗುತ್ತಾ ಕೆಮ್ಮುತ್ತಾ, "ಕೀವಲ್ಲಮ್ಮಾ, ಇವನ ಹೆಂಡ್ತಿ ಪ್ರೀತಿ" ಅಂದರು.

ಬೆರ್ನಾರ್‌ನ ಮುಖ ಕೆಂಪಾಗಿತ್ತು. ದೂರು ಕೊಡುತ್ತಾನೆ ಅಂದುಕೊಂಡೆ. ಅವನು ಒಳ್ಳೆಯ ಕೈಯನ್ನು ಮಂಚದ ಕೆಳಗೆ ಹಾಕಿ ಒಂದು ಮರದ ಡಬ್ಬಿ ತೆಗೆದ. ಅವನ ತಾಯಿ ನಾರ್ಮಂಡಿಯಿಂದ ಕಳಿಸಿದ ಚೀಸು. ಮುಚ್ಚಳ ತೆರೆದಾಗ ನನಗೂ ಕಣ್ಣಲ್ಲಿ ನೀರು ಬಂತು. "ಇಷ್ಟು ದಿನ ನಿಮ್ಮಿಬ್ಬರಿಗೆ ಹೆದರಿ ಮುಚ್ಚಿಟ್ಟಿದ್ದೆ ಮಾರಾಯ" ಅಂದ. ಅವನು ನನ್ನ ಮೀನು ತಿಂದ, ನಾನು ಅವನ ಚೀಸು ತಿಂದೆ. ಅವನದು ಪೊಪೊಯಿಯ ಜೊತೆ ಚೆನ್ನಾಗಿ ಹೋಗುತ್ತದೆ ಎಂದು ಬರೆದರೆ ನೀನು ನಂಬುವುದಿಲ್ಲ. ಒದೀಲ್ ಮೂಗು ಹಿಡಿದುಕೊಂಡು ನಿಂತು, ನನ್ನ ತಟ್ಟೆ ಖಾಲಿಯಾಗುವವರೆಗೂ ಹೋಗಲಿಲ್ಲ.

ಇಷ್ಟು ಬರೆದು ನಿನ್ನ ಪತ್ರವನ್ನು ಮತ್ತೆ ಓದಿದೆ.

ಮೆಟ್ಟಿಲು ಯಾಕೆ ಕಿತ್ತಿಸಿದೆ? ಆ ಮೆಟ್ಟಿಲು ನಾನು ಕೂರಿಸಿದ್ದು. ಅದು ಹಾಳಾಗುವ ಕಲ್ಲಲ್ಲ. ಬಚ್ಚಲಿಗೆ ಹಿಡಿಕೆ ಯಾರಿಗೆ?

ತೆರೌರಾಳ ಮುಖ ನೋಡಿದೆ, ಗೊತ್ತಾಯಿತು.

ಸರಿ. ಗೊತ್ತಾದದ್ದೇ ಒಳ್ಳೆಯದಾಯಿತು, ನಾನು ಬರೆಯುವುದು ತಪ್ಪಿತು. ಆದರೆ ಮೆಟ್ಟಿಲು ಕಿತ್ತಿಸುವ ಮೊದಲು ನನ್ನನ್ನು ಕೇಳಬೇಕಿತ್ತು. ನಾನು ಬರುವುದಿಲ್ಲ. ಹೊಸ ವರ್ಷದ ಕಲ್ಲೆತ್ತುವ ಪಂದ್ಯಕ್ಕೆ ಇಡೀ ದ್ವೀಪ ಸುತ್ತಿ ಬಂದು, ಹೌತಿಯ ಆ ದೊಡ್ಡ ಕಲ್ಲನ್ನು ಹೆಗಲಿಗೆ ಏರಿಸಿ ನಿಂತವನನ್ನು ಊರು ನೋಡಿದೆ. ನೀನೂ ನೋಡಿದ್ದೀಯ. ಎಲ್ಲರ ಕಣ್ಣಲ್ಲಿ ಅವನೇ ಇರಲಿ. ಕುಂಟುತ್ತಾ ಹಡಗಿನಿಂದ ಇಳಿಯುವವನನ್ನು ನೋಡಿ "ಅಯ್ಯೋ ಪಾಪ" ಎನ್ನುವವರ ನಡುವೆ ನನ್ನಿಂದ ಬದುಕಲಾಗದು. ಚರ್ಚಿನವರದು ಇಲ್ಲಿ ಒಂದು ಆಶ್ರಯಮನೆ ಇದೆ. ಕೂತು ಬಲೆ ಹೆಣೆಯುವ ಕೆಲಸ ಕೊಡುತ್ತಾರಂತೆ.

ಇನ್ನು ಏನೂ ಕಳಿಸಬೇಡ.

ವಿರಿಯಾಮು


ಹೌತಿ
೩ ಜುಲೈ ೧೯೭೮

ವಿರಿಯಾಮು,

ತಿಮಿಂಗಿಲಗಳು ಬಂದಿವೆ. ಒಂದು ತಾಯಿ, ಒಂದು ಮರಿ. ಗದ್ದೆಯಿಂದ ಬರುವಾಗ ಕಾಣುತ್ತವೆ.

ನಿನಗೆ ಒಂದು ವಿಷಯ ಇಷ್ಟು ವರ್ಷವಾದರೂ ಗೊತ್ತಿಲ್ಲ. ನೀನು ಕಲ್ಲೆತ್ತಿದ್ದನ್ನು ನಾನು ನೋಡಲೇ ಇಲ್ಲ. ಅವತ್ತು ಬಂದವರಿಗೆಲ್ಲ ಸಿಹಿ ಹಿಟ್ಟಿನ ಫಿರಿಫಿರಿ ಕರಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜನ ಹೋ ಎಂದು ಕೂಗಿದಾಗ ಆ ಕಡೆ ಕತ್ತು ತಿರುಗಿಸಿದೆ. ಕಂಡದ್ದು ಜನರ ಬೆನ್ನು ಮಾತ್ರ. ಇತ್ತ ತಿರುಗುವಷ್ಟರಲ್ಲಿ ಬಾಣಲೆಯಲ್ಲಿದ್ದವೆಲ್ಲ ಸೀದು ಕಪ್ಪಾಗಿದ್ದವು. ಅಮ್ಮ ಬೈಯುತ್ತಾಳೆ ಎಂದು ಅವನ್ನು ಬುಟ್ಟಿಯ ತಳಕ್ಕೆ ಹಾಕಿ ಮೇಲೆ ಒಳ್ಳೆಯವನ್ನು ಹರಡಿದ್ದೆ. ಆಗ ನೀನು ಬಂದೆ. ಮೈಯೆಲ್ಲ ಎಣ್ಣೆ, ಅಂಗೈ ಕಿತ್ತುಹೋಗಿತ್ತು. ಮೇಲಿನವನ್ನು ಬಿಟ್ಟು ನೇರ ಬುಟ್ಟಿಯ ತಳಕ್ಕೇ ಕೈ ಹಾಕಿ ಒಂದು ಸೀದದ್ದನ್ನು ತೆಗೆದೆ. ನಾನು ಸತ್ತೆ ಅಂದುಕೊಂಡೆ. ನೀನು ಅದನ್ನು ಪೂರ್ತಿ ತಿಂದು, "ಇದು ಚೆನ್ನಾಗಿದೆ, ಇನ್ನೊಂದು ಕೊಡೇ" ಅಂದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ನೀನು ನನ್ನನ್ನು ಕಾಪಾಡಿದ್ದಾ, ನಿನಗೆ ನಿಜವಾಗಿ ರುಚಿ ಗೊತ್ತಿರಲಿಲ್ಲವಾ, ಇವತ್ತಿನವರೆಗೂ ನಾನು ಕೇಳಿಲ್ಲ. ನಾನು ಮದುವೆಯಾದದ್ದು ಅವನನ್ನು. ಕಲ್ಲೆತ್ತಿದವನು ಯಾರೋ ನನಗೆ ಗೊತ್ತಿಲ್ಲ.

ಅಮ್ಮ ಹಾಸಿಗೆ ಹಿಡಿದಿದ್ದಕ್ಕೆ ನಾನು ಆಗ ನಿನ್ನ ಜೊತೆ ಹೊರಡಲಿಲ್ಲ. ಅಮ್ಮ ಹೋದ ಮೇಲೆ ನೀನು ಕರೆಯಲಿ ಎಂದು ನಾನು ಕಾದೆ. ನಾನು ಬರುತ್ತೇನೆ ಎನ್ನಲಿ ಎಂದು ನೀನು ಕಾದಿರಬೇಕು. ಕಾಯುವುದರಲ್ಲಿ ಇಬ್ಬರೂ ಗಟ್ಟಿಗರು.

ಹಿತ್ತಿಲಿನ ನೆಲದೊಲೆಯನ್ನು ನಾನು ಹತ್ತು ವರ್ಷದಿಂದ ಹೂಡಿಲ್ಲ. ಬೇರೆಯವರ ಮನೆಯಲ್ಲಿ ಹೂಡಿದಾಗ ಹೋಗಿ ಕೈಜೋಡಿಸುತ್ತೇನೆ, ತಿಂದು ಬರುತ್ತೇನೆ. ನಮ್ಮ ಹಿತ್ತಿಲಿನಲ್ಲಿ ಮಾತ್ರ ಇಲ್ಲ. ಗುಂಡಿ ತೋಡಿ, ಸೌದೆ ಒಟ್ಟಿ, ಕಲ್ಲು ಕಾಯಿಸಿ, ಬಾಳೆದಿಂಡು ಹಾಸಿ, ಎಲೆ ಮುಚ್ಚಿ, ಮಣ್ಣು ಹೊದಿಸಿ, ಇಷ್ಟೆಲ್ಲ ಮಾಡಿ ಒಬ್ಬಳು ಕೂತು ಒಂದು ಗೆಡ್ಡೆ ತಿನ್ನುವುದೇ? ಒಬ್ಬಳಿಗಾಗಿ ಯಾರೂ ನೆಲದೊಲೆ ಹೂಡುವುದಿಲ್ಲ. ನನ್ನ ಅಡುಗೆಯೆಲ್ಲ ಸೀಮೆಎಣ್ಣೆ ಸ್ಟೌವಿನ ಮೇಲೆ, ಒಂದು ಸಣ್ಣ ಪಾತ್ರೆಯಲ್ಲಿ.

ಮೊನ್ನೆ ಆ ಗುಂಡಿಯ ಕಳೆ ಕಿತ್ತೆ. ಕಲ್ಲುಗಳನ್ನು ತೊಳೆದು ಒಟ್ಟಿದ್ದೇನೆ. ಯಾಕೆಂದು ನಿನಗೆ ಹೇಳುವುದಿಲ್ಲ, ಇಳಿಜಾರು ಮಾಡಿಸಿದ್ದಕ್ಕೇ ಅಷ್ಟು ಕೂಗಾಡಿದೆ.

ತೆಪಾಯಿರು


ಹೌತಿ
೨೮ ಆಗಸ್ಟ್ ೧೯೭೮

ವಿರಿಯಾಮು,

ಎರಡು ಹಡಗು ಬಂದು ಹೋದವು.

ಬರಬೇಡ, ಬಿಡು. ಪತ್ರವನ್ನೂ ಬರೆಯಬೇಡ. ತಿನ್ನುತ್ತಿದ್ದೀಯಾ ಇಲ್ಲವಾ, ಅಷ್ಟನ್ನು ಯಾರ ಕೈಯಲ್ಲಾದರೂ ಹೇಳಿ ಕಳಿಸು.

ತೆಪಾಯಿರು


ಪಪೀಟೆ
೧೫ ಅಕ್ಟೋಬರ್ ೧೯೭೮

ತೆಪಾಯಿರು,

ತಿನ್ನುತ್ತಿದ್ದೇನೆ.

ನಾನೀಗ ಆಶ್ರಯಮನೆಯಲ್ಲಿದ್ದೇನೆ. ಗಾಯ ಮಾಯ್ದಿದೆ. ಮರದ ಕಾಲು ಕೊಟ್ಟಿದ್ದಾರೆ. ಮೊದಲ ದಿನ ಹಾಕಿಕೊಂಡು ಅಂಗಳದಲ್ಲಿ ಬಿದ್ದೆ. ಬಿದ್ದವನನ್ನು ಯಾರೂ ನೋಡಲಿಲ್ಲ, ನಾನೇ ಎದ್ದೆ. ಈಗ ಗೇಟಿನವರೆಗೆ ಹೋಗಿ ಬರುತ್ತೇನೆ. ಬಲೆಯನ್ನೂ ಹೆಣೆಯುತ್ತೇನೆ.

ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ. ನಿನ್ನ ಜುಲೈ ಪತ್ರ ಇಲ್ಲೇ ದಿಂಬಿನ ಕೆಳಗಿದೆ.

ಚೊಂಗ್ ಅಜ್ಜ ಹೋಗಿಬಿಟ್ಟರು. ನಾನು ಆಸ್ಪತ್ರೆ ಬಿಟ್ಟ ಮೇಲೂ ಭಾನುವಾರಗಳಲ್ಲಿ ಆಶ್ರಯಮನೆಯ ಗಾಡಿಯಲ್ಲಿ ಅವರನ್ನು ನೋಡಲು ಹೋಗುತ್ತಿದ್ದೆ. ಅವರ ಗಂಡುಮಕ್ಕಳು ಒಳ್ಳೆಯವರು, ಬಾತುಕೋಳಿ, ಶಾವಿಗೆ, ಫ್ರೆಂಚ್ ಬೇಕರಿಯ ಕೇಕು, ಏನು ಬೇಕೋ ಎಲ್ಲ ತರುತ್ತಿದ್ದರು. ಅಜ್ಜ ಮುಟ್ಟುತ್ತಿರಲಿಲ್ಲ. ಏನು ಬೇಕಜ್ಜಾ ಅಂತ ಕೇಳಿದೆ. ಅವರ ಹೆಂಡತಿ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮಾಡುತ್ತಿದ್ದ ಅನ್ನದ ಗಂಜಿಯಂತೆ, ಅದಕ್ಕೆ ಒಂದು ಚೂರು ಒಣಮೀನಂತೆ. ಸೊಸೆಯಂದಿರು ಮಾಡಿ ತಂದರು. ಒಂದೊಂದು ಚಮಚ ತಿಂದು, ಪಾಪ ಅವರಿಗೆ ಬೇಜಾರಾಗಬಾರದು ಎಂದು ಚೆನ್ನಾಗಿದೆ ಅಂದರು. ಅವರು ಆಚೆ ಹೋದ ಮೇಲೆ ಬಟ್ಟಲನ್ನು ನನ್ನ ಕಡೆ ತಳ್ಳಿ ಅಂದರು, "ಲೋ, ನಿನಗೆ ನಾತ ಹೊಡೆಯೋ ಮೀನಿನ ನೀರು ಕಳಿಸೋಳು ಇನ್ನೂ ಇದಾಳೆ. ನನ್ನೋಳು ಮಣ್ಣಲ್ಲಿದಾಳೆ. ನಿನಗೆ ಇರೋದು ಒಂದು ಕಾಲಲ್ವೋ, ಹಡಗು ಹತ್ತೋಕೆ ಅಷ್ಟು ಸಾಲದಾ? ಇಲ್ಲಿ ಬಂದು ನನ್ನ ಮುಖ ನೋಡ್ತಾ ಕೂತಿದೀಯಲ್ಲ, ಗೂಬೆ."

ಅದರ ಮುಂದಿನ ಭಾನುವಾರ ಹೋದಾಗ ಮಂಚ ಖಾಲಿ ಇತ್ತು. ಒದೀಲ್ ಹಾಸಿಗೆಯ ಬಟ್ಟೆ ಮಡಚುತ್ತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಆ ಮಂಚದ ಮೇಲೆ ಕೂತಿದ್ದೆವು.

ಸೀದ ಫಿರಿಫಿರಿಯ ವಿಷಯ. ಅದು ಚೆನ್ನಾಗಿರಲಿಲ್ಲ. ನಾಲಿಗೆಯೆಲ್ಲ ಕಹಿಯಾಗಿತ್ತು. ನಿನ್ನ ಕಣ್ಣು ನೋಡಿದೆ, ನೀನು ಅವನ್ನು ತಳಕ್ಕೆ ಹಾಕಿದ್ದನ್ನೂ ಆ ಮೊದಲೇ ದೂರದಿಂದ ನೋಡಿದ್ದೆ.

ನಾನು ಮನೆಗೆ ಬರಲಾ? ಹೀಗೆ ಕೇಳಲು ಬಹಳ ದಿನ ಹಿಡಿಯಿತು. ಬಾ ಅಂದರೆ ಬರುತ್ತೇನೆ.

ವಿರಿಯಾಮು


ಹೌತಿ
೧ ನವೆಂಬರ್ ೧೯೭೮

ವಿರಿಯಾಮು,

ಬಾ.

ಆದರೆ ಈ ತಿಂಗಳ ಹಡಗಿಗೆ ಬೇಡ, ಮುಂದಿನದಕ್ಕೆ ಬಾ. ಹಂದಿ ಇನ್ನೂ ಸಣ್ಣದಿದೆ.

ತೆಪಾಯಿರು


ಹೌತಿ
೧೮ ಡಿಸೆಂಬರ್ ೧೯೭೮

ತೆರೌರಾ,

ನಿನ್ನ ಭಾವ ಬಂದರು. ಎಲ್ಲವನ್ನೂ ಬರೆ, ಒಂದನ್ನೂ ಬಿಡಬೇಡ ಅಂದಿದ್ದೀಯ. ಬರೆಯುತ್ತೇನೆ.

ಹಡಗು ಬರುವ ಹೊತ್ತಿಗೆ ಮೊಯೆರಾಯಿ ಬಂದರಿನ ಕಟ್ಟೆಯ ಮೇಲೆ ಮೂರೂರಿನ ಜನ. ಸಾಮಾನು ಇಳಿಸುವವರು ಯಾರು, ಸುಮ್ಮನೆ ನೋಡಲು ಬಂದವರು ಯಾರು ಎಂದು ಗೊತ್ತಾಗುವ ಹಾಗಿರಲಿಲ್ಲ. ಮೆರೆಹೌ ಹೂವಿನ ಹಾರಗಳನ್ನು ಹಿಡಿದು ನಿಂತಿದ್ದಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬೆಳಗಿನಿಂದ ಒಲೆಯ ಹತ್ತಿರ ಇದ್ದೆ, ಕೈ ತೊಳೆದರೂ ಮಸಿ ಹೋಗಿರಲಿಲ್ಲ.

ಎಲ್ಲರೂ ಇಳಿದ ಮೇಲೆ ಅವರು ಹಡಗಿನಿಂದ ಇಳಿಯುವ ಹಲಗೆಯ ಮೇಲುಗಡೆ ಬಂದು ನಿಂತರು. ಬಡವಾಗಿದ್ದಾರೆ. ತಲೆಯಲ್ಲಿ ನೀನು ಹೆಣೆದ ಟೋಪಿ. ಎಲ್ಲರ ಮಾತೂ ಒಂದೇ ಸಲಕ್ಕೆ ನಿಂತುಹೋಯಿತು. ಅದೇ ಮೌನಕ್ಕೆ ಅವರು ಹೆದರಿದ್ದು ಎಂದು ನನಗೆ ಅನ್ನಿಸಿತು. ನಾಲ್ವರು ಗಂಡಸರು ಎತ್ತಿಕೊಂಡು ಇಳಿಸಲು ಮುಂದೆ ನುಗ್ಗಿದರು. ಅವರ ಮುಖ ಕಲ್ಲಾಯಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ತಿರುಗಿ ಹಡಗಿನೊಳಗೆ ಹೋಗಿಬಿಡುತ್ತಿದ್ದರು, ನನಗೆ ಅವರು ಗೊತ್ತಿಲ್ಲವೇ?

ನಾನು ಜನರ ನಡುವೆ ನುಗ್ಗಿ ಹಲಗೆ ಹತ್ತಿದೆ. "ಯಾರೂ ಮುಟ್ಟಬೇಡಿ" ಅಂದೆ. ಮೇಲೆ ಹೋಗಿ ಅವರ ಎದುರು ನಿಂತೆ. ಹತ್ತು ವರ್ಷದ ಮೇಲೆ ಕಂಡ ಗಂಡನಿಗೆ ಏನು ಹೇಳಬೇಕು ಹೇಳು! ನನ್ನ ಬಾಯಿಂದ ಬಂದದ್ದು, "ಬೇಗ ಬಾ, ಒಲೆ ಮುಚ್ಚಿ ಬಂದಿದೀನಿ, ಹಂದಿ ಜಾಸ್ತಿ ಬೆಂದುಹೋಗತ್ತೆ."

"ಹೆಗಲು ಈ ಕಡೆ ತಾ" ಅಂದರು.

ಹೆಗಲ ಮೇಲೆ ಕೈ ಇಟ್ಟರು. ಅಬ್ಬಾ, ಏನು ಭಾರ! ಕಲ್ಲಿನ ಭಾರ ಎಷ್ಟೆಂದು ನನಗೆ ಗೊತ್ತಿಲ್ಲ, ಈ ಭಾರ ಹೊತ್ತೆ. ಹಲಗೆ ಅಲುಗಾಡುತ್ತಿತ್ತು. ಮರದ ಕಾಲು ಟಕ್ ಟಕ್ ಎನ್ನುವುದು ಇಡೀ ಕಟ್ಟೆಗೆ ಕೇಳುತ್ತಿತ್ತು. ಇಬ್ಬರೂ ಅಡ್ಡಡ್ಡ, ಏಡಿಗಳ ಹಾಗೆ ಇಳಿದೆವು. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಯಾರೂ "ಅಯ್ಯೋ" ಅನ್ನಲಿಲ್ಲ. ಕೆಳಗೆ ಕಾಲಿಟ್ಟಾಗ ಅಂಚೆಯ ಹುಡುಗಿ, "ಮಾಮಾ, ಇನ್ನು ಮೇಲೆ ನನಗೆ ನಿಮ್ಮ ಪತ್ರ ಹೊರೋ ಕೆಲಸ ತಪ್ಪಿತು" ಎಂದು ಕೂಗಿದಳು, ಆಗ ಎಲ್ಲರೂ ಗೊಳ್ಳೆಂದು ನಕ್ಕು, ಹಾರಗಳೆಲ್ಲ ಅವರ ಕುತ್ತಿಗೆಗೆ ಬಿದ್ದು, ಮೂಗೊಂದು ಬಿಟ್ಟು ಮುಖವೇ ಕಾಣದಾಯಿತು.

ಮನೆಯ ಮುಂದೆ ಲಾರಿ ನಿಂತಾಗ ಇಳಿಜಾರನ್ನು ನೋಡಿದರು. ಕೋಲಿನಿಂದ ಒಂದು ಸಲ ತಟ್ಟಿ, ಗಟ್ಟಿ ಇದೆಯಾ ನೋಡಿ, ಹತ್ತಿದರು.

ಒಲೆ ತೆರೆದಾಗ ಹಿತ್ತಿಲು ತುಂಬ ಜನ. ನಾನು ಕರೆದದ್ದು ಕೆಲವರನ್ನು, ಬಂದದ್ದು ಊರು. ಮಣ್ಣು ಸರಿಸಿ ಎಲೆ ಎತ್ತಿದಾಗ ಹಬೆ ಎದ್ದಿತು ನೋಡು, ನಾನು ಬಟ್ಟೆಯಂಚು ಮುಖಕ್ಕೆ ಹಿಡಿದದ್ದು ಹಬೆಗೆಂದೇ ಎಲ್ಲರೂ ತಿಳಿದರು. ಹಂದಿ, ಕೆಸುವಿನ ಗೆಡ್ಡೆ, ದೀವಿಹಲಸು, ಕೆಂಪು ಬಾಳೆ, ಎಲೆಯಲ್ಲಿ ಸುತ್ತಿದ ಕೋಳಿ. ಪಾದ್ರಿಯ ಹೆಂಡತಿ ಆ ಗುಲಾಬಿ ಪಾತ್ರೆಯನ್ನು ತಂದು ಸರಿಯಾಗಿ ನಡುವೆಯೇ ಇಟ್ಟಳು. ನಿನ್ನ ಭಾವ ಗುಂಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಹಂದಿ ಬಿಡಿಸುತ್ತಿದ್ದ ಗಂಡಸರಿಗೆ, "ಅಲ್ಲಿಂದ ಅಲ್ವೋ, ಮೂಳೆ ಪಕ್ಕದಿಂದ ಬಿಡಿಸು! ಪಪೀಟೆಗೆ ಹೋದೋನು ನಾನಾ, ನೀನಾ?" ಎಂದು ಗದರುತ್ತಿದ್ದರು. ಬಹಳ ತಿನ್ನಲಿಲ್ಲ. ಆದರೆ ಬಿಟ್ಟು ಬಿಟ್ಟು ತಿಂದರು. ನಾನು ಬಡಿಸುವ ನೆಪದಲ್ಲಿ ನೋಡುತ್ತಲೇ ಇದ್ದೆ.

ನೀನು ಇಷ್ಟಕ್ಕೇ ನಿಲ್ಲಿಸಲು ಬಿಡುವವಳಲ್ಲ. ಮರುದಿನ ಬೆಳಗಿನದನ್ನೂ ಬರೆಯುತ್ತೇನೆ, ಇದನ್ನು ಮಾತ್ರ ಮಾರುಕಟ್ಟೆಯಲ್ಲಿ ಎಲ್ಲರಿಗೂ ಓದಿ ಹೇಳಬೇಡ.

ಬೆಳಿಗ್ಗೆ ಎದ್ದು ಯಾವಾಗಿನ ಹಾಗೆ ಕಾಫಿ ಕಾಯಿಸಿದೆ, ತೆಂಗಿನ ಹಾಲು ಹಾಕಿದೆ, ಮೇಜಿನ ಮೇಲೆ ಇಟ್ಟೆ. ಅವರು ಬಂದು ಕೂತರು. ಆಗ ನೋಡಿಕೊಂಡೆ, ನಾನು ಇಟ್ಟಿದ್ದು ಒಂದೇ ಬಟ್ಟಲು. ನನ್ನ ಬಟ್ಟಲು. ಎರಡನೆಯದು ತೆಗೆಯಬೇಕೆಂದು ಕೈಗೆ ನೆನಪೇ ಬಂದಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಇನ್ನೊಂದು ತರುತ್ತೇನೆ ಎಂದು ಎದ್ದೆ.

"ಕೂತ್ಕೋ" ಅಂದರು.

ಬಟ್ಟಲನ್ನು ಎತ್ತಿ ಒಂದು ಗುಟುಕು ಕುಡಿದು, ಇಬ್ಬರ ನಡುವೆ ಇಟ್ಟರು. ನಾನು ಒಂದು ಗುಟುಕು ಕುಡಿದೆ. ಹೊರಗೆ ಕೋಳಿಗಳು ಹಿಂದಿನ ದಿನದ ಗುಂಡಿಯ ಬೂದಿ ಕೆದಕುತ್ತಿದ್ದವು. ಕಾಫಿ ಮುಗಿಯುವವರೆಗೂ ಬಟ್ಟಲು ಆಚೆ ಈಚೆ ಹೋಗುತ್ತಿತ್ತು.

ನಿನ್ನ ಅಕ್ಕ
ತೆಪಾಯಿರು